1.20 ಅಂದ್ರೆ ಒಂದೂವರೆ

ಹೊಸತೊಡಕಿನ ದಿನ ಮನೆಯಲ್ಲಿ ಲೆಕ್ಕಪತ್ರದ ಮಾತು ಎತ್ತಬಾರದು ಅಂತ ನಮ್ಮಜ್ಜಿ ಹೇಳ್ತಿದ್ಲು. ಯುಗಾದಿ ಮಾರನೇ ದಿನ ಬಾಡೂಟ, ಅಷ್ಟೇ. ಅವಳು ಹೋದ ಮೇಲೆ ಬಂದ ಮೊದಲ ಹೊಸತೊಡಕಿನಲ್ಲೇ ಆ ಮಾತು ಮುರಿದದ್ದು ನಾನು. ಅದಕ್ಕೂ ಒಂದು ವಾರ ಮೊದಲು ನಾನು ಕಳಿಸಿದ್ದ ಒಂದು ಎಕ್ಸೆಲ್ ಶೀಟಿನಿಂದ ಸೋದರತ್ತೆ ನಮ್ಮಪ್ಪನ ಜೊತೆ ಮಾತು ಬಿಟ್ಟಿದ್ದರು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂಟು ವರ್ಷದ ಅನುಭವ. ಊರು ಅಕ್ಕಿಹೆಬ್ಬಾಳು, ಕೆ.ಆರ್.ಪೇಟೆ ತಾಲ್ಲೂಕು. ಹೇಮಾವತಿ ದಡದ ಊರು, ಮೈಸೂರು–ಹಾಸನ ರೈಲಿನಲ್ಲಿ ಹೋದವರು ಸ್ಟೇಷನ್ ಬೋರ್ಡ್ ನೋಡಿರ್ತೀರಿ. ಅಜ್ಜಿ ಹೆಸರಲ್ಲಿ ಅಲ್ಲಿ ಮೂರು ಸರ್ವೇ ನಂಬರಿನಲ್ಲಿ ಸ್ವಲ್ಪ ಜಮೀನಿತ್ತು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಪಾಂಡವಪುರದ ಕಡೆಗೆ ಕೊಟ್ಟಿರುವ ಅತ್ತೆ, ಹೀಗೆ ನಾಲ್ಕು ಜನ ಮಕ್ಕಳು. ಅಜ್ಜಿ ವಿಲ್ ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಗಸಿನ ಹೆಸರಲ್ಲಿರುವ ಇಂಥ ಆಸ್ತಿ ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆಲ್ಲ ಸಮ. ಆದರೆ ನಮ್ಮ ಕಡೆ ನಡೆಯೋದು ಬೇರೆ ಅಂತ ಎಲ್ಲರಿಗೂ ಗೊತ್ತು. ಅಕ್ಕತಂಗಿಯರು ಬಂದು ಸಹಿ ಹಾಕಿ, ಒಂದು ಸೀರೆ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ತಗೊಂಡು ಹೋಗ್ತಾರೆ. ಅತ್ತೆ ಹಾಗೆ ಮಾಡಲಿಲ್ಲ. "ನಂಗೂ ನನ್ ಪಾಲು ಬೇಕು ಕಣಣ್ಣ" ಅಂದರು. ಅಪ್ಪ ಒಪ್ಪಿದರು. ಚಿಕ್ಕಪ್ಪ ಮೂರು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಒಪ್ಪಿದರು.

ಪಾಲು ಎಷ್ಟು ಬರುತ್ತೆ ಅಂತ ಲೆಕ್ಕ ಹಾಕೋ ಕೆಲಸ ನನಗೆ ಬಂತು. ಮನೆಯಲ್ಲಿ ಕಂಪ್ಯೂಟರ್ ಓದಿರೋನು ನಾನೊಬ್ಬನೇ ತಾನೆ.

ಅಪ್ಪ ವಾಟ್ಸ್‌ಆ್ಯಪಿನಲ್ಲಿ ಮೂರು ಪಹಣಿ ಫೋಟೊ ಕಳಿಸಿದರು. ಒಂದರಲ್ಲಿ 1.20. ಇನ್ನೊಂದರಲ್ಲಿ 0.35. ಮೂರನೆಯದರಲ್ಲಿ 0.32, ಅದರಲ್ಲಿ ಖರಾಬು 0.02 ಕಳೆದರೆ 0.30. ಆಫೀಸ್ ಕ್ಯಾಬಿನಲ್ಲಿ ಕೂತು ಮೊಬೈಲಿನಲ್ಲೇ ಶೀಟ್ ಮಾಡಿದೆ. ಮೂರನ್ನೂ ಕೂಡಿಸಿದೆ, 1.85 ಬಂತು. ನಾಲ್ಕರಿಂದ ಭಾಗಿಸಿದೆ, 0.4625. ಎಕರೆಗೆ 40 ಗುಂಟೆ ಅಂತ ಗೊತ್ತಲ್ಲ, 40ರಿಂದ ಗುಣಿಸಿದೆ. ಹದಿನೆಂಟೂವರೆ ಗುಂಟೆ. "ಎಲ್ಲರಿಗೂ ತಲಾ 18.5 ಗುಂಟೆ" ಅಂತ ಬರೆದು, ಒಂದು ಕೈಮುಗಿಯೋ ಇಮೋಜಿ ಹಾಕಿ, ಫ್ಯಾಮಿಲಿ ಗ್ರೂಪಿಗೆ ಬಿಟ್ಟೆ. ಮಾರತ್ತಹಳ್ಳಿ ಸಿಗ್ನಲ್ ದಾಟೋದರೊಳಗೆ ಆಸ್ತಿ ಪಾಲು ಮುಗಿದಿತ್ತು.

ತಪ್ಪು ಎಲ್ಲಿದೆ ಅಂತ ಹಳ್ಳಿ ಕಡೆಯವರಿಗೆ ಈಗಾಗಲೇ ಗೊತ್ತಾಗಿರುತ್ತೆ. ಗೊತ್ತಾಗದವರಿಗೆ ಹೇಳ್ತೀನಿ. ಪಹಣಿಯಲ್ಲಿ 1.20 ಅಂದರೆ ಒಂದು ಪಾಯಿಂಟ್ ಎರಡು ಎಕರೆ ಅಲ್ಲ. ಒಂದು ಎಕರೆ ಇಪ್ಪತ್ತು ಗುಂಟೆ. ಅಂದ್ರೆ ಒಂದೂವರೆ ಎಕರೆ. ಅಲ್ಲಿರೋ ಚುಕ್ಕಿ ದಶಮಾಂಶದ್ದಲ್ಲ, ಎರಡು ಬೇರೆ ಬೇರೆ ಅಳತೆಗಳ ನಡುವೆ ಇಟ್ಟಿರೋ ಗೆರೆ, ಅಷ್ಟೇ. ಕೈಬರಹದಲ್ಲಿ ಅದನ್ನೇ 1-20 ಅಂತಲೂ ಬರೀತಾರೆ.

ಹಾಗೆ ನೋಡಿದರೆ ಮೊದಲ ಸರ್ವೇ ನಂಬರು 60 ಗುಂಟೆ, ಎರಡನೆಯದು 35, ಮೂರನೆಯದು 30. ಒಟ್ಟು 125 ಗುಂಟೆ, ಅಂದರೆ 3 ಎಕರೆ 5 ಗುಂಟೆ. ನನ್ನ ಶೀಟಿನಲ್ಲಿದ್ದದ್ದು 74 ಗುಂಟೆ. 1 ಎಕರೆ 11 ಗುಂಟೆ ಜಮೀನನ್ನ ನಾನು ಕ್ಯಾಬಿನಲ್ಲಿ ಕೂತು ಮಾಯ ಮಾಡಿದ್ದೆ. ತಮಾಷೆ ಅಂದ್ರೆ, "ಎಕರೆಗೆ 40 ಗುಂಟೆ" ಅನ್ನೋ ಸರಿಯಾದ ವಿಷಯವನ್ನ ಕೊನೆಯಲ್ಲಿ ಒಂದು ಕಡೆ ಬಳಸಿದ್ದರಿಂದಲೇ ಇಡೀ ಲೆಕ್ಕ ಸರಿಯಾಗಿರೋ ಹಾಗೆ ಕಾಣ್ತಿತ್ತು.

ಅತ್ತೆ ಆ ಗದ್ದೆಯಲ್ಲಿ ನಾಟಿ ಹಾಕಿ ಬೆಳೆದವರು. ಮೂರು ಎಕರೆ ಮೇಲಿದೆ ಅಂತ ಅವರಿಗೆ ಪಹಣಿ ನೋಡದೆಯೇ ಗೊತ್ತು. ಎರಡು ದಿನ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಮೂರನೇ ದಿನ ಅಪ್ಪನಿಗೆ ಫೋನ್ ಮಾಡಿ, "ಹೆಣ್ಮಕ್ಕಳಿಗೆ ಲೆಕ್ಕ ಬರಲ್ಲ ಅನ್ಕಂಡ್ರಾ? ಮಗನ ಕೈಲಿ ಕಂಪ್ಯೂಟರ್‌ನಾಗೆ ಬರೆಸಿಬುಟ್ರೆ ನಂಬಿಬುಡ್ತೀನಾ?" ಅಂತ ಕೇಳಿ ಇಟ್ಟುಬಿಟ್ಟರಂತೆ. ಅಪ್ಪ ನನಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅತ್ತೆ ಹೊಸತೊಡಕಿಗೆ ಬರಲ್ಲ ಅಂದಿದ್ದರು. ಆದರೆ ಅವರ ಮಗ ಹಠ ಮಾಡಿ ಕರಕೊಂಡು ಬಂದ. ಅವನು ಬಿಸಿಎ ಮೊದಲನೇ ವರ್ಷ. ನನಗೆ ಭಾಮೈದ, ನಾನು ಅವನಿಗೆ ಭಾವ. ಅವನಿಗೆ ನನ್ನ ಹತ್ತಿರ ಬೇರೆ ಕೆಲಸವಿತ್ತು. ಕಾಲೇಜಿನಲ್ಲಿ ಪೈಥಾನ್ ಶುರುವಾಗಿತ್ತು, ಮೊದಲನೇ ಲ್ಯಾಬ್ ಪ್ರೋಗ್ರಾಮೇ ತಲೆ ಕೆಡಿಸಿತ್ತು.

"ಭಾವ, 10 ಕೊಟ್ಟೆ, 20 ಕೊಟ್ಟೆ, ಕೂಡು ಅಂದೆ. 1020 ಅಂತ ಕೊಡ್ತದೆ. ಮೊಬೈಲ್ ಕೆಟ್ಟೋಗದಾ?"

ಪ್ರೋಗ್ರಾಮಿಂಗ್ ಕಲಿತವರೆಲ್ಲ ಒಂದು ಸಲ ಇಲ್ಲಿ ಎಡವಿರ್ತಾರೆ. ಅವನು ಫೋನಿನಲ್ಲಿ ಪೈಡ್ರಾಯ್ಡ್ ಆ್ಯಪ್ ಹಾಕಿಕೊಂಡಿದ್ದ. ಬರೆದದ್ದು ಇಷ್ಟು. (ಇಂಗ್ಲಿಷಿನಲ್ಲಿರೋ ಪೈಥಾನ್ ಪದಗಳನ್ನ ಓದೋದಕ್ಕೆ ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೀನಿ. ಟೈಪ್ ಮಾಡುವಾಗ ಇನ್‌ಪುಟ್, ಪ್ರಿಂಟ್, ಇಂಟ್ ಇವು ಇಂಗ್ಲಿಷಿನಲ್ಲೇ ಇರಬೇಕು.)

ಒಂದು = ಇನ್‌ಪುಟ್("ಮೊದಲ ಸಂಖ್ಯೆ: ")
ಎರಡು = ಇನ್‌ಪುಟ್("ಎರಡನೇ ಸಂಖ್ಯೆ: ")
ಪ್ರಿಂಟ್(ಒಂದು + ಎರಡು)

ಮೊಬೈಲ್ ಕೆಟ್ಟಿಲ್ಲ, ಪೈಥಾನೂ ಕೆಟ್ಟಿಲ್ಲ. ನಾವು ಕೀಬೋರ್ಡಿನಲ್ಲಿ ಒತ್ತೋದು ಏನೇ ಆಗಿರಲಿ, ಇನ್‌ಪುಟ್ ಅದನ್ನ ಅಕ್ಷರಗಳ ಸಾಲಾಗಿಯೇ ತಗೊಳ್ಳುತ್ತೆ. ಅದಕ್ಕೆ ಸ್ಟ್ರಿಂಗ್ ಅಂತ ಹೆಸರು. 10 ಅನ್ನೋದು ಅದಕ್ಕೆ ಹತ್ತು ಅಲ್ಲ, "1" ಮತ್ತು "0" ಅನ್ನೋ ಎರಡು ಗುರುತು. ಎರಡು ಸ್ಟ್ರಿಂಗ್ ನಡುವೆ ಕೂಡುವ ಚಿಹ್ನೆ ಹಾಕಿದರೆ ಒಂದರ ಬಾಲಕ್ಕೆ ಇನ್ನೊಂದನ್ನ ಅಂಟಿಸುತ್ತೆ. ಇದನ್ನ ಪೂರ್ಣಾಂಕ ಅಂತ ಓದಿಕೋ ಅಂತ ನಾವು ಬಾಯಿಬಿಟ್ಟು ಹೇಳಬೇಕು. ಅದೇ ಟೈಪ್ ಕನ್ವರ್ಷನ್. ಇಂಟ್ ಅಂತ ಬರೆದು ಬ್ರಾಕೆಟ್ಟಿನಲ್ಲಿ ಸುತ್ತಿದರೆ ಪೂರ್ಣಾಂಕ, ಫ್ಲೋಟ್ ಅಂತ ಸುತ್ತಿದರೆ ದಶಮಾಂಶ.

ಇದನ್ನ ಅವನಿಗೆ ವಿವರಿಸ್ತಾ ವಿವರಿಸ್ತಾ ನನ್ನ ಬಾಯಿ ನಿಂತುಹೋಯ್ತು. ಅವನು ಮಾಡಿದ್ದೂ ನಾನು ಕ್ಯಾಬಿನಲ್ಲಿ ಮಾಡಿದ್ದೂ ಒಂದೇ ಜಾತಿಯ ತಪ್ಪು. ಅವನ ಸಂಖ್ಯೆಗಳನ್ನ ಪೈಥಾನ್ ಅಕ್ಷರ ಅಂತ ತಿಳಕೊಂಡಿತ್ತು. ಅಜ್ಜಿಯ ಎಕರೆ ಗುಂಟೆಯನ್ನ ಎಕ್ಸೆಲ್ ದಶಮಾಂಶ ಅಂತ ತಿಳಕೊಂಡಿತ್ತು. ವ್ಯತ್ಯಾಸ ಏನಂದ್ರೆ ಅವನ ಉತ್ತರ 1020 ಅಂತ ಬಂದು ತಪ್ಪು ಕಣ್ಣಿಗೆ ಹೊಡೀತು. ನನ್ನ ಉತ್ತರ 18.5 ಅಂತ ನಂಬೋ ಹಾಗೆ ಬಂದು ಅಣ್ಣತಂಗಿಯನ್ನ ಬೇರೆ ಮಾಡಿತು.

"ಆ ಎರಡು ಸಂಖ್ಯೆ ಕೂಡೋದು ಬಿಡು. ನಿಮ್ಮಮ್ಮನ ಪಾಲಿನ ಪ್ರೋಗ್ರಾಮ್ ಬರಿ. ನೀನೇ ಬರೀಬೇಕು, ನಾನು ಮುಟ್ಟಲ್ಲ" ಅಂದೆ.

ಜಗಲಿ ಮೇಲೆ ಕೂತೆವು. ಒಳಗೆ ಮಸಾಲೆ ರುಬ್ಬೋ ಸದ್ದು. ಅತ್ತೆ ಬಾಗಿಲ ಹತ್ತಿರ ಬೆಳ್ಳುಳ್ಳಿ ಸುಲೀತಾ ನಮ್ಮ ಕಡೆ ನೋಡಲ್ಲ ಅನ್ನೋ ಹಾಗೆ ನೋಡ್ತಾ ಕೂತಿದ್ದರು. ಮೊದಲ ಹೆಜ್ಜೆ ಸುಲಭ: ಎಕರೆ ಕೇಳು, ಗುಂಟೆ ಕೇಳು, ಎಲ್ಲವನ್ನೂ ಗುಂಟೆಗೆ ತಾ. ಅವನು ಉತ್ಸಾಹದಲ್ಲಿ ಬರೆದ:

ಎಕರೆ = ಇನ್‌ಪುಟ್("ಎಕರೆ: ")
ಗುಂಟೆ = ಇನ್‌ಪುಟ್("ಗುಂಟೆ: ")
ಒಟ್ಟು = ಎಕರೆ * 40 + ಗುಂಟೆ
ಪ್ರಿಂಟ್(ಒಟ್ಟು)

1 ಕೊಟ್ಟ, 20 ಕೊಟ್ಟ. ಸ್ಕ್ರೀನಿನ ಮೇಲೆ ಸಾಲಾಗಿ ನಲವತ್ತು ಒಂದುಗಳು, ಕೊನೆಗೆ 20. ಇಂಟ್ ಹಾಕೋದು ಮತ್ತೆ ಮರೆತಿದ್ದ. ಸ್ಟ್ರಿಂಗನ್ನ 40ರಿಂದ ಗುಣಿಸು ಅಂದ್ರೆ ಪೈಥಾನ್ ಅದನ್ನ ನಲವತ್ತು ಸಲ ಬರೆಯುತ್ತೆ, ತಪ್ಪು ಅಂತ ಹೇಳೋದೇ ಇಲ್ಲ. ಅತ್ತೆ ಎದ್ದು ಬಂದು ಬಗ್ಗಿ ನೋಡಿದರು. "ಇಷ್ಟೊಂದು ಜಮೀನಿದ್ರೆ ನಿಮ್ಮಜ್ಜಿ ಯಾಕ್ಲಾ ಕೂಲಿಗೋಯ್ತಿತ್ತು" ಅಂದರು. ಒಂದು ವಾರದ ಮೇಲೆ ಮೊದಲ ಸಲ ಅವರು ನಮ್ಮ ಮನೇಲಿ ಮಾತಾಡಿದ್ದು ಅದು.

ಇಂಟ್ ಹಾಕಿದ ಮೇಲೆ 60 ಬಂತು. ವಾಪಸ್ ಎಕರೆ ಗುಂಟೆಗೆ ತರೋದಕ್ಕೆ ಪೈಥಾನಿನಲ್ಲಿ ಎರಡು ಚಿಹ್ನೆಗಳಿವೆ, ಶಾಲೆಯಲ್ಲಿ ಕಲಿತ ಭಾಗಲಬ್ಧ ಮತ್ತು ಶೇಷವೇ ಅವು. ಎರಡು ಓರೆಗೆರೆ ಹಾಕಿದರೆ ಭಾಗಲಬ್ಧ, ಶೇಕಡಾ ಚಿಹ್ನೆ ಹಾಕಿದರೆ ಶೇಷ. 125 // 40 ಅಂದರೆ 3. 125 % 40 ಅಂದರೆ 5. ಮೂರು ಎಕರೆ ಐದು ಗುಂಟೆ. ಒಂದೇ ಓರೆಗೆರೆ ಹಾಕಿದರೆ 3.125 ಅಂತ ಬರುತ್ತೆ. ಅದು ತಪ್ಪಲ್ಲ, ಆದರೆ ಅದನ್ನ ತಹಶೀಲ್ದಾರ್ ಕಚೇರಿಗೆ ಬರೆದುಕೊಡೋಕಾಗಲ್ಲ.

ಈ ಶೇಷದ ಚಿಹ್ನೆ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹೊಸದಾಗಿ ಕಲಿಯೋರು ಇದನ್ನ ಸಮ ಸಂಖ್ಯೆ ಬೆಸ ಸಂಖ್ಯೆ ಕಂಡುಹಿಡಿಯೋಕೆ ಅಂತ ಮಾತ್ರ ಕಲೀತಾರೆ. ಆದರೆ ನಮ್ಮ ಹಿರಿಯರ ಲೆಕ್ಕವೆಲ್ಲ ಇದರ ಮೇಲೇ ನಿಂತಿತ್ತು. 20 ಕೊಳಗ ಒಂದು ಖಂಡುಗ. 100 ಸೇರು ಒಂದು ಪಲ್ಲ. 16 ಆಣೆ ಒಂದು ರೂಪಾಯಿ. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ನೂರು ಪೈಸೆ ಅಂತಾದ ಮೇಲೆ ದುಡ್ಡಿನಿಂದ ಆಣೆ ಹೋಯ್ತು, ಆದರೆ ಜಮೀನಿನಲ್ಲಿ ಇನ್ನೂ ಇದೆ. ಗುಂಟೆಗೆ 16 ಆಣೆ. ಸರ್ವೆಯವರ ಹಳೇ ಸರಪಳಿ 33 ಅಡಿ, ಆ ಸರಪಳಿಗೂ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 33ನ್ನ 33ರಿಂದ ಗುಣಿಸಿ ನೋಡಿ, 1089 ಚದರ ಅಡಿ. ಅದನ್ನ 40ರಿಂದ ಗುಣಿಸಿದರೆ 43,560, ಒಂದು ಎಕರೆ. ಎಂಜಿನಿಯರಿಂಗಿನಲ್ಲಿ ನಾಲ್ಕು ವರ್ಷ ಓದಿದರೂ 1089 ಎಲ್ಲಿಂದ ಬಂತು ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ಜಗಲಿ ಮೇಲೆ ದೊಡ್ಡಪ್ಪ ಹೇಳಿದ್ದು.

ಈಗ ಪಾಲು. 125 ಗುಂಟೆ ನಾಲ್ಕು ಜನಕ್ಕೆ. 125 // 4 ಅಂದರೆ 31, ಶೇಷ 1 ಗುಂಟೆ. ಆ ಒಂದು ಗುಂಟೆಯನ್ನ ಏನು ಮಾಡೋದು? ನಮ್ಮ ಹುಡುಗ ಫ್ಲೋಟ್ ಹಾಕಿ 31.25 ಅಂತ ತೋರಿಸಿದ. ಅತ್ತೆ ತಕ್ಷಣ, "ಇಪ್ಪತ್ತೈದು ಅಂದ್ರೆ ಏನ್ಲಾ? ಆಣೆನಾ?" ಅಂದರು. ಮತ್ತೆ ಅದೇ ಚುಕ್ಕಿ. ಅವರ ಪ್ರಶ್ನೆ ಸರಿಯಾಗೇ ಇತ್ತು. ಹಾಗಾಗಿ ಎಲ್ಲವನ್ನೂ ಆಣೆಗೇ ಇಳಿಸು ಅಂದೆ. 125 ಗುಂಟೆಗೆ 2000 ಆಣೆ. ನಾಲ್ಕು ಜನಕ್ಕೆ ತಲಾ 500. 500 // 16 ಅಂದರೆ 31, 500 % 16 ಅಂದರೆ 4. ಒಬ್ಬೊಬ್ಬರಿಗೆ 31 ಗುಂಟೆ 4 ಆಣೆ. ಚುಕ್ಕಿಯೇ ಇಲ್ಲ, ಉಳಿಕೆಯೂ ಇಲ್ಲ.

ಇದು ಅನುಭವಸ್ಥ ಪ್ರೋಗ್ರಾಮರುಗಳೂ ಪಾಲಿಸೋ ಕ್ರಮ. ದುಡ್ಡಿನ ಲೆಕ್ಕ ಮಾಡುವಾಗ ರೂಪಾಯಿಯನ್ನ ದಶಮಾಂಶದಲ್ಲಿಡದೆ ಎಲ್ಲವನ್ನೂ ಪೈಸೆಗೆ ಇಳಿಸಿ ಪೂರ್ಣಾಂಕವಾಗಿ ಇಡ್ತಾರೆ, ತೋರಿಸುವಾಗ ಮಾತ್ರ ರೂಪಾಯಿ ಮಾಡ್ತಾರೆ. ಯಾಕಂದ್ರೆ ಕಂಪ್ಯೂಟರಿನ ಒಳಗೆ ದಶಮಾಂಶ ಇರೋದು ಎರಡರ ಲೆಕ್ಕದಲ್ಲಿ, 0.1ನ್ನ ಅದು ಪೂರ್ತಿ ನಿಖರವಾಗಿ ಇಟ್ಟುಕೊಳ್ಳೋಕಾಗಲ್ಲ. ಪೈಥಾನಿನಲ್ಲಿ 0.1 + 0.2 ಅಂತ ಹಾಕಿ ನೋಡಿ, 0.30000000000000004 ಅಂತ ಕೊಡುತ್ತೆ.

ಅಷ್ಟೊತ್ತಿಗೆ ಜಗಲಿ ಮೇಲೆ ಜನ ಸೇರಿದ್ದರು. ಇನ್‌ಪುಟ್ ಕೊಡೋ ಕೆಲಸ ಎಲ್ಲರಿಗೂ ಬೇಕು. ಚಿಕ್ಕಪ್ಪ ಫೋನ್ ಇಸ್ಕೊಂಡು ಗುಂಟೆ ಅಂತ ಕೇಳಿದ ಕಡೆ "20 ಗುಂಟೆ" ಅಂತ ಪೂರ್ತಿ ಬರೆದರು. ಕೆಂಪು ಅಕ್ಷರದಲ್ಲಿ ವ್ಯಾಲ್ಯೂ ಎರರ್. "ಸರಿಯಾಗೇ ಬರೆದಿದೀನಲ್ಲೋ" ಅಂತ ಅವರಿಗೆ ಸಿಟ್ಟು. ಆಮೇಲೆ ಹನ್ನೆರಡೂವರೆ ಹೆಂಗೆ ಕೊಡೋದು ನೋಡೋಣ ಅಂತ 12.5 ಕೊಟ್ಟರು, ಇಂಟ್ ಅದನ್ನೂ ಒಪ್ಪಲಿಲ್ಲ. 1,200 ಅಂತ ಅಲ್ಪವಿರಾಮ ಹಾಕಿದರೂ ಒಪ್ಪಲ್ಲ. ಆಮೇಲೆ ಬೇಕಂತಲೇ 55 ಗುಂಟೆ ಅಂತ ಕೊಟ್ಟರು. ಅದನ್ನ ಮಾತ್ರ ಪ್ರೋಗ್ರಾಮ್ ಕಣ್ಣುಮುಚ್ಚಿ ತಗೊಂಡಿತು. ಗುಂಟೆ 40ರ ಒಳಗಿರಬೇಕು ಅಂತ ನಮ್ಮ ಹುಡುಗ ಅದಕ್ಕೆ ಹೇಳಿರಲೇ ಇಲ್ಲ. ಆಫೀಸಿನಲ್ಲಿ ಟೆಸ್ಟಿಂಗ್ ಟೀಮಿನವರು ಮಾಡೋ ಕೆಲಸವನ್ನ ಚಿಕ್ಕಪ್ಪ ಹೊಟ್ಟೆಕಿಚ್ಚಿನಿಂದಲೇ ಅರ್ಧ ಗಂಟೆಯಲ್ಲಿ ಮುಗಿಸಿದರು.

ದೊಡ್ಡಪ್ಪನದು ಬೇರೆ ಕಥೆ. ಅವರ ಫೋನಿನ ಕೀಬೋರ್ಡು ಕನ್ನಡದ್ದು. ಪ್ರೋಗ್ರಾಮನ್ನ ಅದಕ್ಕೂ ಹಾಕಿಕೊಟ್ಟಿದ್ದೆವು. ಅವರು ೧ ಅಂತ ಕನ್ನಡ ಅಂಕಿಯಲ್ಲಿ ಎಕರೆ, ೨೦ ಅಂತ ಗುಂಟೆ ಕೊಟ್ಟರು. ಇದು ಖಂಡಿತ ಎರರ್ ಬರುತ್ತೆ ಅಂತ ನಾನೂ ಕಾಯ್ತಿದ್ದೆ. ಬರಲಿಲ್ಲ. 60 ಅಂತ ಸರಿಯಾದ ಉತ್ತರ ಬಂತು! ಆಮೇಲೆ ಪರೀಕ್ಷಿಸಿ ನೋಡಿದೆ. ಯೂನಿಕೋಡಿನಲ್ಲಿ ಅಂಕಿ ಅಂತ ಗುರುತಿಸಿರೋ ಯಾವ ಲಿಪಿಯ ಅಂಕಿಯಾದರೂ ಪೈಥಾನಿನ ಇಂಟ್ ಓದುತ್ತೆ. ಎಂಟು ವರ್ಷದ ಕೆಲಸದಲ್ಲಿ ಒಂದು ಸಲವೂ ಕನ್ನಡ ಅಂಕಿ ಕೊಟ್ಟು ನೋಡಿರಲಿಲ್ಲ ಅಂತ ಸ್ವಲ್ಪ ನಾಚಿಕೆಯಾಯ್ತು. ಮೇಲೆ ಬರೆದ "ಎಕರೆ", "ಗುಂಟೆ", "ಒಟ್ಟು" ಅನ್ನೋ ಹೆಸರುಗಳೂ ಅಷ್ಟೇ, ಪೈಥಾನ್ 3ರಲ್ಲಿ ಕನ್ನಡದಲ್ಲೇ ಇಟ್ಟರೂ ಓಡುತ್ತವೆ.

ಪೈಥಾನ್ 3 ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಗೀಡೋ ವಾನ್ ರಾಸಮ್ 1991ರಲ್ಲಿ ಮೊದಲು ಬಿಟ್ಟ ಈ ಭಾಷೆಯ ಹಳೇ ಆವೃತ್ತಿಯಲ್ಲಿ ಇನ್‌ಪುಟ್ ಬೇರೆ ಥರ ಇತ್ತು. ನೀವು ಟೈಪ್ ಮಾಡಿದ್ದನ್ನ ಪ್ರೋಗ್ರಾಮಿನ ಸಾಲು ಅಂತಲೇ ತಿಳಿದು ಓಡಿಸಿಬಿಡ್ತಿತ್ತು. 10 ಅಂದರೆ ತಾನಾಗಿ ಹತ್ತು ಆಗ್ತಿತ್ತು, ಸುಖವಾಗಿತ್ತು, ಆದರೆ ಅಪಾಯ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅದನ್ನ ತೆಗೆದರು. ಈಗ ಅದು ಊಹೆ ಮಾಡಲ್ಲ, ಅಕ್ಷರ ಅಂತಲೇ ಕೊಡುತ್ತೆ, ಅರ್ಥ ನೀವು ಹೇಳಬೇಕು. ಹುಡುಗರಿಗೆ ಇದು ಕಿರಿಕಿರಿ. ನನಗೆ ಇದೇ ಸರಿ ಅನ್ನಿಸುತ್ತೆ. ಜಾವಾಸ್ಕ್ರಿಪ್ಟ್ ನೋಡಿ, ಸ್ಟ್ರಿಂಗಾಗಿರೋ "10" ಮತ್ತು "5" ಕೊಟ್ಟು ಕೂಡು ಅಂದರೆ 105 ಅನ್ನುತ್ತೆ, ಕಳೆ ಅಂದರೆ ಜಾಣನಾಗಿ 5 ಅನ್ನುತ್ತೆ. ಅರ್ಧ ಊಹೆ ಮಾಡೋರನ್ನ ನಂಬೋದು ಕಷ್ಟ.

ಊಹೆಯಲ್ಲಿ ಎಕ್ಸೆಲ್‌ದು ಇನ್ನೂ ಒಂದು ಕೈ ಮೇಲು. 1.20 ಅಂತ ಹಾಕಿದರೆ ಕೊನೆಯ ಸೊನ್ನೆ ತಿಂದು 1.2 ಮಾಡುತ್ತೆ. ಆಮೇಲೆ ನೋಡಿದವರಿಗೆ ಅದು ಎಕರೆ ಮೇಲೆ ಎರಡು ಗುಂಟೆಯೋ ಇಪ್ಪತ್ತು ಗುಂಟೆಯೋ ಹೇಳೋಕಾಗಲ್ಲ. ಚುಕ್ಕಿ ಬೇಡ ಅಂತ 1-12 ಅಂತ ಹಾಕಿದರೆ ತಾರೀಖು ಮಾಡಿಬಿಡುತ್ತೆ, ಕಂಪ್ಯೂಟರಿನ ಸೆಟ್ಟಿಂಗ್ ನೋಡಿಕೊಂಡು ಡಿಸೆಂಬರ್ 1 ಅಥವಾ ಜನವರಿ 12. ಈ ಕಾಟ ನಮಗೊಬ್ಬರಿಗೇ ಅಲ್ಲ. ಮನುಷ್ಯರ ಕೆಲವು ಜೀನ್‌ಗಳಿಗೆ ಮಾರ್ಚ್1, ಸೆಪ್ಟ್2 ಅನ್ನೋ ಥರದ ಚುಟುಕು ಹೆಸರುಗಳಿದ್ದವು. ವಿಜ್ಞಾನಿಗಳ ಶೀಟುಗಳಲ್ಲಿ ಅವೆಲ್ಲ ತಾರೀಖಾಗಿ ಬದಲಾಗಿ ಬದಲಾಗಿ ಸಾಕಾಗಿ, 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು.

ಇನ್ನೂ ದೊಡ್ಡ ಉದಾಹರಣೆ ಬೇಕಾದರೆ 1996ರ ಜೂನ್ 4ರದು. ಯುರೋಪಿನ ಏರಿಯಾನ್ 5 ರಾಕೆಟ್ಟು ಮೊದಲ ಹಾರಾಟದಲ್ಲೇ, ಮೇಲೆದ್ದು ಒಂದು ನಿಮಿಷವೂ ಆಗೋ ಮೊದಲು ದಾರಿ ತಪ್ಪಿ ನಾಶವಾಯ್ತು. ಕಾರಣ, 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನ 16 ಬಿಟ್‌ನ ಪೂರ್ಣಾಂಕಕ್ಕೆ ಬದಲಾಯಿಸೋ ಸಾಲು. ಸಂಖ್ಯೆ ಆ ಜಾಗಕ್ಕೆ ಹಿಡಿಸಲಿಲ್ಲ. ಮೊದಲ ವಾರದ ಲ್ಯಾಬಿನಲ್ಲಿ ಮಾಡಿಸೋ ಅದೇ ಟೈಪ್ ಕನ್ವರ್ಷನ್.

ಕಾಲೇಜಿನವರು ಕೊಡೋ ಅಭ್ಯಾಸಗಳ ಮೇಲೆ ನನ್ನದೊಂದು ತಕರಾರಿದೆ. ಎರಡು ಸಂಖ್ಯೆ ಕೂಡು, ತ್ರಿಕೋನದ ವಿಸ್ತೀರ್ಣ, ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್. ನಮ್ಮೂರಲ್ಲಿ ಫ್ಯಾರನ್‌ಹೀಟ್ ಯಾರಿಗೂ ಬೇಡ, ಮಗುವಿಗೆ ನೂರೆರಡು ಜ್ವರ ಬಂದಾಗ ಬಿಟ್ಟು. ತ್ರಿಕೋನದ ಉತ್ತರ ತಪ್ಪಿದರೆ ಎರಡು ಮಾರ್ಕ್ಸ್ ಹೋಗುತ್ತೆ, ಅಷ್ಟೇ. ಅದೇ ಹುಡುಗನಿಗೆ ಕಬ್ಬಿನ ತೂಕದ ಚೀಟಿ ಕೊಡಿ. ಲೋಡಿನ ಜೊತೆ ಗಾಡಿ ತೂಕ ಕೇಳು, ಖಾಲಿ ಗಾಡಿ ತೂಕ ಕೇಳು, ಕಳೆ, 1000ದಿಂದ ಭಾಗಿಸಿ ಎಷ್ಟು ಟನ್ ಎಷ್ಟು ಕೆಜಿ ಹೇಳು, ಟನ್ ಬೆಲೆ ಕೇಳಿ ದುಡ್ಡು ಹೇಳು. ಡೇರಿಯ ಹಾಲಿನ ಚೀಟಿ ಕೊಡಿ, ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಹತ್ತು ದಿನದ ಬಟವಾಡೆ ಎಷ್ಟು. ಅದೇ ಕೂಡು ಕಳೆ, ಅದೇ ಇಂಟ್, ಅದೇ ಫ್ಲೋಟ್. ಆದರೆ ಉತ್ತರ ತಪ್ಪಾದರೆ ಪಕ್ಕದಲ್ಲಿ ಕೂತ ಅಮ್ಮನೇ ಹಿಡೀತಾಳೆ.

ಅವತ್ತು ಆದದ್ದೂ ಹಾಗೇ. ಊಟಕ್ಕೆ ಮೊದಲು ನಮ್ಮ ಹುಡುಗ ಪ್ರೋಗ್ರಾಮನ್ನ ಪೂರ್ತಿ ಮಾಡಿದ. ಮೂರು ಸರ್ವೇ ನಂಬರು, ಮೂರರ ಖರಾಬು, ಎಷ್ಟು ಜನ, ಎಲ್ಲ ಕೇಳುತ್ತೆ. ಗುಂಟೆ 40 ಅಥವಾ ಮೇಲಿದ್ದರೆ "ಇನ್ನೊಂದ್ಸಲ ನೋಡಿ" ಅನ್ನುತ್ತೆ. ಅತ್ತೆ ಅವರ ಕೈಯಿಂದಲೇ ಎಲ್ಲ ಒತ್ತಿದರು. 31 ಗುಂಟೆ 4 ಆಣೆ. ಅವರು ಬೆರಳಿನಲ್ಲಿ ಎಣಿಸಿ ವಾಪಸ್ ಲೆಕ್ಕ ಹಾಕಿದರು. ನಾಕು ಮೂವತ್ತೊಂದ್ಲಿ ನೂರಿಪ್ಪತ್ನಾಕು, ನಾಕು ನಾಕ್ಲಿ ಹದಿನಾರಾಣೆ ಒಂದು ಕುಂಟೆ, ನೂರಿಪ್ಪತ್ತೈದು. "ಸರಿ ಐತೆ" ಅಂದರು. ನಾನು ತಪ್ಪಾಯ್ತು ಅತ್ತೆ ಅಂದೆ. "ನಿಂಗೆ ಪಹಣಿ ಓದಕ್ಕೆ ಬರಲ್ಲ ಅಂತ ನಂಗೇನ್ ಗೊತ್ತು ಮಗ" ಅಂದರು. ಅಪ್ಪನ ಕಡೆ ತಿರುಗಿ, "ಅಣ್ಣ, ಏಳು ಊಟಕ್ಕೆ" ಅಂದರು.

ಪಹಣಿ ಓದೋದು ನಿಜವಾಗಲೂ ಕಲಿಯಬೇಕಾದ ವಿದ್ಯೆ. ಕರ್ನಾಟಕದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನ ಕೈಬರಹದಿಂದ ಕಂಪ್ಯೂಟರಿಗೆ ತಂದಿತು. ಶಾನುಭೋಗರ ಕಾಲದ ಅಳತೆ ಹಾಗೇ ಉಳೀತು, ಬದಲಾಗಿದ್ದು ಕಾಗದ ಮಾತ್ರ. ಈಗ ನಾವು ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಫೋನಿನಲ್ಲೇ ಪಹಣಿ ತೆಗೀತೀವಿ. ಅದರಲ್ಲಿರೋ ಚುಕ್ಕಿಯನ್ನ ಹೇಗೆ ಓದಬೇಕು ಅನ್ನೋದು ಮಾತ್ರ ಫೋನಿನಲ್ಲಿಲ್ಲ.

ಲೆಕ್ಕ ಸರಿಯಾದ ಮೇಲೂ ಜಮೀನು ತಾನಾಗಿ ಪಾಲಾಗಲಿಲ್ಲ. ಗದ್ದೆಯ ಗುಂಟೆಯೂ ಹೊಲದ ಗುಂಟೆಯೂ ಒಂದೇ ಬೆಲೆಯಲ್ಲ, ಇಂಟ್‌ಗೆ ಅದು ಗೊತ್ತಿಲ್ಲ. ಮೂರೂ ಕಡೆ ನಾಲ್ಕು ನಾಲ್ಕು ಪಾಲು ಹಾಕಿದರೆ ಹನ್ನೆರಡು ತುಂಡು, ಉಳುಮೆಗೆ ಟ್ರ್ಯಾಕ್ಟರ್ ತಿರುಗೋಕೂ ಜಾಗ ಇರಲ್ಲ. ಸಂಜೆವರೆಗೂ ಜೋರು ಜೋರಾಗಿ ಮಾತಾಯ್ತು. ಕೊನೆಗೆ ಅತ್ತೆ, ನಾಲೆ ಪಕ್ಕದ 30 ಗುಂಟೆ ನಂಗೆ ಇರಲಿ, 1 ಗುಂಟೆ 4 ಆಣೆ ಬಿಟ್ಟಿದೀನಿ ಅಂದರು. ಎಷ್ಟು ಬಿಡ್ತಿದೀನಿ ಅಂತ ಅವರಿಗೆ ಆಣೆವರೆಗೂ ಗೊತ್ತಿತ್ತು. ಯಾರೂ ಬಿಡಿಸಿಕೊಂಡದ್ದಲ್ಲ.

ಉಳಿದ 95 ಗುಂಟೆ ಮೂರು ಜನ ಅಣ್ಣತಮ್ಮಂದಿರಿಗೆ. ಹುಡುಗ ಪ್ರೋಗ್ರಾಮ್ ಓಡಿಸಿದ. 1520 ಆಣೆ ಮೂರು ಪಾಲು, ತಲಾ 506, ಅಂದರೆ 31 ಗುಂಟೆ 10 ಆಣೆ, ಶೇಷ 2 ಆಣೆ. "ದೊಡ್‌ಮಾವ, ಎರಡಾಣೆ ಉಳೀತದೆ, ಏನ್ಮಾಡಲಿ?" ಅಂದ. ಎರಡಾಣೆ ಅಂದರೆ 136 ಚದರ ಅಡಿ. ದೊಡ್ಡಪ್ಪ ಯೋಚನೆಯೇ ಮಾಡದೆ, "ಬೋರ್‌ವೆಲ್ ಮನೆಗೆ ಬುಡು, ಎಲ್ರೂ ಓಡಾಡ್ಬೇಕಲ್ಲ" ಅಂದರು. ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದಾರೆ, ಅದಾದ ಮೇಲೆ ಅಳತೆ, ನಕ್ಷೆ.

ಬೋರ್‌ವೆಲ್ ಒಂದೇ ಇದೆ, ನಾಲ್ಕು ಜನಕ್ಕೂ ಅದರದೇ ನೀರು. 1 // 4 ಅಂದರೆ ಸೊನ್ನೆ, ಶೇಷ 1. ಹಾಗಾಗಿ ಬೋರ್‌ವೆಲ್ ಬದಲು ಕರೆಂಟಿನ ಹೊತ್ತನ್ನ ಹಂಚಿಕೊಳ್ಳೋದು ಅಂತಾಯ್ತು. ದಿನಕ್ಕೆ 7 ಗಂಟೆ ತ್ರೀಫೇಸ್ ಅಂತ ಲೆಕ್ಕ, ಅದರಲ್ಲಿ ಯಾರ ಪಾಲಿಗೆ ಎಷ್ಟು ಹೊತ್ತು ಅಂತ ನೋಡಿ ಹೇಳು ಅಂತ ಭಾಮೈದನಿಗೆ ಹೇಳಿ ನಾನು ರೈಲು ಹತ್ತಿದೆ.

ಮೊನ್ನೆ ರಾತ್ರಿ ಅವನ ಮೆಸೇಜ್ ಬಂತು. "ಭಾವ, 7ನ್ನ 4ರಿಂದ ಭಾಗ ಮಾಡ್ದೆ, ತಲಾ 1.75 ಬಂತು, ಗ್ರೂಪಿಗೆ ಹಾಕ್ದೆ. ಒಂದು ಗಂಟೆ ಎಪ್ಪತ್ತೈದು ನಿಮಿಷ ಯಾವ ಗಡಿಯಾರದಲ್ಲಿ ಐತೆ ಅಂತ ಅಮ್ಮ ಕೇಳ್ತಾವ್ಳೆ."